ಯೋಜಕನಿಲ್ಲದ ಉದ್ದೇಶ: ಗ್ರೀಕರ ನಿಸರ್ಗ ಚಿಂತನೆಯ ಒಂದು ಹಳೆಯ ವಿವಾದ

ಮಾನ್ಯ ಸಭಿಕರೇ,

ಮನುಷ್ಯನ ಬಾಯಿಯಲ್ಲಿ ಮುಂದಿನ ಹಲ್ಲುಗಳು ಹರಿತವಾಗಿದ್ದು ಆಹಾರವನ್ನು ಕತ್ತರಿಸುತ್ತವೆ, ಒಳಗಿನ ದವಡೆ ಹಲ್ಲುಗಳು ಅಗಲವಾಗಿದ್ದು ಅದನ್ನು ಅರೆಯುತ್ತವೆ. ಇದು ಹೀಗೇಕೆ ಎಂದು ಕೇಳಿದರೆ ಎರಡು ಬಗೆಯ ಉತ್ತರ ಸಾಧ್ಯ. ಕತ್ತರಿಸುವುದಕ್ಕಾಗಿ, ಅರೆಯುವುದಕ್ಕಾಗಿ ಅವು ಹಾಗೆ ಮೂಡಿವೆ ಎನ್ನುವುದು ಮೊದಲನೆಯದು. ದ್ರವ್ಯವು ತನ್ನ ಪಾಡಿಗೆ ತಾನು ಗಟ್ಟಿಯಾಗುತ್ತ ಹೋಗಿ ಆ ಆಕಾರಗಳನ್ನು ತಳೆಯಿತು, ತಳೆದ ಮೇಲೆ ಅವು ಉಪಯೋಗಕ್ಕೆ ಬಂದವು, ಅಷ್ಟೇ, ಎನ್ನುವುದು ಎರಡನೆಯದು. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲ್ ತನ್ನ ‘ಫಿಸಿಕ್ಸ್’ ಗ್ರಂಥದ ಎರಡನೆಯ ಭಾಗದ ಎಂಟನೆಯ ಅಧ್ಯಾಯದಲ್ಲಿ ಈ ಹಲ್ಲಿನ ಉದಾಹರಣೆಯನ್ನೇ ಎತ್ತಿಕೊಂಡು, ಎರಡನೆಯ ಉತ್ತರವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸುತ್ತಾನೆ. ಜೊತೆಗೆ ಮಳೆಯ ಉದಾಹರಣೆಯೂ ಇದೆ: ಮೇಲೇರಿದ ಆವಿ ತಣ್ಣಗಾಗಲೇಬೇಕು, ತಣ್ಣಗಾದದ್ದು ನೀರಾಗಿ ಇಳಿಯಲೇಬೇಕು, ಇಳಿದಾಗ ಪೈರು ಬೆಳೆಯುತ್ತದೆ. ಪೈರು ಬೆಳೆಯಲಿ ಎಂದು ಮಳೆ ಸುರಿಯಿತು ಎನ್ನುವವರು, ಕಣದಲ್ಲಿ ರಾಶಿ ಹಾಕಿದ ಧಾನ್ಯ ಅದೇ ಮಳೆಗೆ ಕೊಳೆತುಹೋದಾಗ, ಕೊಳೆಯಲಿ ಎಂದೇ ಸುರಿಯಿತು ಎನ್ನುತ್ತಾರೆಯೇ?

ಈ ಪೂರ್ವಪಕ್ಷ ಎಂಪೆಡೊಕ್ಲಿಸನ ಕಡೆಯದು. ಸಿಸಿಲಿಯ ಅಕ್ರಗಾಸ್ ನಗರದ ಈ ಕವಿ ಮತ್ತು ಚಿಂತಕ ಭೂಮಿ, ನೀರು, ಗಾಳಿ, ಬೆಂಕಿ ಎಂಬ ನಾಲ್ಕು ಮೂಲಗಳನ್ನು ಪ್ರೀತಿಯೂ ಕಲಹವೂ ಸರದಿಯ ಮೇಲೆ ಕೂಡಿಸಿ ಅಗಲಿಸುತ್ತವೆ ಎಂದು ಹಾಡಿದವನು. ಒಂದು ಕಾಲದಲ್ಲಿ ಕತ್ತಿಲ್ಲದ ತಲೆಗಳು ಮೊಳೆತವು, ಭುಜವಿಲ್ಲದ ತೋಳುಗಳು ಅಲೆದಾಡಿದವು, ಅವು ಸಿಕ್ಕಂತೆ ಕೂಡಿಕೊಂಡು ಮನುಷ್ಯ ಮುಖದ ಎತ್ತುಗಳಂಥ ಜೀವಿಗಳು ಹುಟ್ಟಿದವು ಎಂಬುದು ಅವನ ಪದ್ಯಗಳಲ್ಲಿ ಬರುವ ಚಿತ್ರ. ಹೊಂದಿಕೆಯಾಗಿ ಕೂಡಿಬಂದವು ಉಳಿದುಕೊಂಡವು, ಮಿಕ್ಕವು ಅಳಿದವು. ಇದನ್ನು ಕೇಳಿದೊಡನೆ ಇಂದಿನವರ ಮನಸ್ಸಿಗೆ ಡಾರ್ವಿನ್ ಬರುತ್ತಾನೆ. ಸ್ವತಃ ಡಾರ್ವಿನ್ನನೇ 1866ರಲ್ಲಿ ಹೊರಬಂದ ತನ್ನ ಪ್ರಧಾನ ಗ್ರಂಥದ ನಾಲ್ಕನೆಯ ಆವೃತ್ತಿಯಲ್ಲಿ ಅರಿಸ್ಟಾಟಲನ ಈ ಭಾಗವನ್ನು ಅಡಿಟಿಪ್ಪಣಿಯಾಗಿ ಸೇರಿಸಿ, ಇಲ್ಲಿ ನೈಸರ್ಗಿಕ ಆಯ್ಕೆಯ ತತ್ತ್ವದ ನೆರಳು ಕಾಣುತ್ತದೆ ಎಂದು ಬರೆದ. ಅರಿಸ್ಟಾಟಲ್ ಅಲ್ಲಿ ಹೇಳುತ್ತಿದ್ದದ್ದು ತಾನು ಖಂಡಿಸಲಿರುವ ಮತವನ್ನು ಎಂಬುದು ಡಾರ್ವಿನ್ನನ ಗಮನಕ್ಕೆ ಬಂದಿರಲಿಲ್ಲ. ಎದುರಾಳಿಯ ವಾದವನ್ನು ಇಷ್ಟು ಪ್ರಾಮಾಣಿಕವಾಗಿ ಕಟ್ಟಿಕೊಟ್ಟರೆ ಹೀಗೂ ಆಗುವುದುಂಟು.

ಈ ವಿವಾದವನ್ನು ಉದ್ದೇಶ ಮತ್ತು ಆಕಸ್ಮಿಕಗಳ ನಡುವಿನ ಜಗಳವೆಂದು ಹೇಳುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಗ್ರೀಕರನ್ನು ನಿಜವಾಗಿ ಬೇರ್ಪಡಿಸಿದ ಗೆರೆ ಬೇರೆ ಕಡೆ ಇದೆ ಎಂದು ನಾನು ತಿಳಿದಿದ್ದೇನೆ. ಉದ್ದೇಶ ಇರುವಲ್ಲೆಲ್ಲ ಅದನ್ನು ಉದ್ದೇಶಿಸಿದ ಒಂದು ಮನಸ್ಸು ಇರಲೇಬೇಕೇ? ಪ್ಲೇಟೋ ಇರಬೇಕು ಎಂದ. ಎಲ್ಲವೂ ಅಣುಗಳ ಕೂಟವೆಂದ ಡೆಮಾಕ್ರಿಟಸನಂಥ ಅಣುವಾದಿಗಳು ಅದನ್ನು ಒಪ್ಪಿಕೊಂಡೇ, ಅಂಥ ಮನಸ್ಸು ಇಲ್ಲದ್ದರಿಂದ ಉದ್ದೇಶವೂ ಇಲ್ಲ ಎಂದರು. ಆ ನಂಟನ್ನೇ ಕತ್ತರಿಸಿ, ಉದ್ದೇಶವಿದೆ ಆದರೆ ಯೋಜಿಸಿದವನಿಲ್ಲ ಎಂದವನು ಅರಿಸ್ಟಾಟಲ್. ಇಂದಿನ ಮಾತೆಲ್ಲ ಈ ಮೂರನೆಯ ನಿಲುವು ಹೇಗೆ ರೂಪುಗೊಂಡಿತು, ಅದಕ್ಕೆ ಅವನು ತೆತ್ತ ಬೆಲೆ ಏನು ಎಂಬುದರ ಸುತ್ತ.

ಮಿಲೀಟಸ್ ನಗರದ ಮೊದಲ ಚಿಂತಕರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಥೇಲಿಸ್, ಅನಾಕ್ಸಿಮ್ಯಾಂಡರ್, ಅನಾಕ್ಸಿಮಿನಿಸ್ ಇವರು ಜಗತ್ತು ಯಾವುದರಿಂದ ಆಗಿದೆ ಎಂದು ಕೇಳಿದರು. ಅವರಲ್ಲಿ ಹೆಚ್ಚಿನವರು ದ್ರವ್ಯವೊಂದನ್ನೇ ಕಾರಣವೆಂದು ಬಗೆದರು ಎಂಬುದು ಅರಿಸ್ಟಾಟಲನ ದೂರು. ಕಥೆಗೆ ತಿರುವು ಬರುವುದು ಕ್ರಿ.ಪೂ. ಐದನೆಯ ಶತಮಾನದಲ್ಲಿ, ಕ್ಲಾಜೊಮೆನಿಯಿಂದ ಅಥೆನ್ಸಿಗೆ ಬಂದು ನೆಲೆಸಿ ಅಲ್ಲಿನ ನಾಯಕ ಪೆರಿಕ್ಲಿಸನ ಒಡನಾಡಿಯಾಗಿದ್ದ ಅನಾಕ್ಸಾಗೊರಸನಿಂದ. ಎಲ್ಲವೂ ಕಲಸಿಕೊಂಡಿದ್ದ ಆದಿಸ್ಥಿತಿಯಲ್ಲಿ ಚಲನೆಯನ್ನು ಹುಟ್ಟಿಸಿ ಕ್ರಮವನ್ನು ತಂದದ್ದು ಬುದ್ಧಿ ಎಂದು ಅವನು ಸಾರಿದ. ಹಿಂದಿನವರ ಅಸ್ತವ್ಯಸ್ತ ಮಾತುಗಳ ನಡುವೆ ಇವನೊಬ್ಬ ಅಮಲಿಲ್ಲದೆ ಮಾತಾಡಿದವನಂತೆ ಕಂಡ ಎಂದು ಅರಿಸ್ಟಾಟಲ್ ಮೆಚ್ಚಿದ್ದಾನೆ.

ಆದರೆ ಅನಾಕ್ಸಾಗೊರಸನನ್ನು ಓದಿ ನಿರಾಶನಾದ ಇನ್ನೊಬ್ಬನ ಮಾತು ಹೆಚ್ಚು ಪ್ರಸಿದ್ಧವಾಗಿದೆ. ಕ್ರಿ.ಪೂ. 399ರಲ್ಲಿ ವಿಷ ಕುಡಿಯಬೇಕಾದ ದಿನ ಸೆರೆಮನೆಯಲ್ಲಿ ಗೆಳೆಯರೊಡನೆ ಮಾತನಾಡುತ್ತ ಸಾಕ್ರಟೀಸ್ ತನ್ನ ಯೌವನದ ಓದನ್ನು ನೆನೆಯುವುದನ್ನು ಪ್ಲೇಟೋ ‘ಫೀಡೊ’ ಸಂವಾದದಲ್ಲಿ ಚಿತ್ರಿಸಿದ್ದಾನೆ. ಅನಾಕ್ಸಾಗೊರಸನ ಗ್ರಂಥದಿಂದ ಯಾರೋ ಓದುತ್ತಿದ್ದದ್ದನ್ನು ಕೇಳಿ ಸಾಕ್ರಟೀಸ್ ಹಿಗ್ಗಿದ್ದನಂತೆ. ಎಲ್ಲವನ್ನೂ ಅಣಿಗೊಳಿಸುವುದು ಬುದ್ಧಿಯೇ ಆದರೆ ಅದು ಪ್ರತಿಯೊಂದನ್ನೂ ಯಾವ ರೀತಿ ಇದ್ದರೆ ಒಳ್ಳೆಯದೋ ಆ ರೀತಿಯಲ್ಲೇ ಇಟ್ಟಿರಬೇಕಲ್ಲವೇ? ಹಾಗಾದರೆ ಭೂಮಿ ಚಪ್ಪಟೆಯೋ ದುಂಡೋ ಎಂಬುದಷ್ಟೇ ಅಲ್ಲ, ಹಾಗಿರುವುದು ಏಕೆ ಒಳ್ಳೆಯದು ಎಂಬುದನ್ನೂ ಈ ಗ್ರಂಥ ತಿಳಿಸೀತು ಎಂದು ಆಸೆಪಟ್ಟು ತರಿಸಿ ಓದಿದರೆ, ಒಳಗೆ ಸಿಕ್ಕಿದ್ದು ಮತ್ತದೇ ಗಾಳಿ, ಈಥರ್, ನೀರು. ಸಾಕ್ರಟೀಸ್ ಕೊಡುವ ಹೋಲಿಕೆ ಹರಿತವಾದದ್ದು. ನಾನು ಇಲ್ಲಿ ಕುಳಿತಿರುವುದಕ್ಕೆ ನನ್ನ ಎಲುಬುಗಳೂ ಅವುಗಳನ್ನು ಎಳೆಯುವ ಸ್ನಾಯುಗಳೂ ಕಾರಣ ಎಂದು ಒಬ್ಬ ಹೇಳಿದ ಹಾಗಾಯಿತು ಇದು, ಎನ್ನುತ್ತಾನೆ ಅವನು. ಅಥೆನ್ಸಿನವರು ನನಗೆ ಶಿಕ್ಷೆ ವಿಧಿಸುವುದು ಒಳ್ಳೆಯದೆಂದು ಬಗೆದರು, ಓಡಿಹೋಗದೆ ಉಳಿಯುವುದು ಒಳ್ಳೆಯದೆಂದು ನಾನು ಬಗೆದೆ. ಇಲ್ಲದಿದ್ದರೆ ಈ ಎಲುಬು ಸ್ನಾಯುಗಳು ಎಂದೋ ಮೆಗಾರಾದಲ್ಲೋ ಬಿಯೋಷಿಯಾದಲ್ಲೋ ಇರುತ್ತಿದ್ದವು.

ಇಲ್ಲಿ ಒಂದು ಬೆಲೆಬಾಳುವ ಭೇದವಿದೆ: ಒಂದು ಸಂಗತಿಯ ಕಾರಣ ಬೇರೆ, ಯಾವುದಿಲ್ಲದೆ ಆ ಕಾರಣ ಕೆಲಸ ಮಾಡಲಾರದೋ ಅದು ಬೇರೆ. ಆದರೆ ಉದಾಹರಣೆಯೊಳಗೆ ಒಂದು ಪೂರ್ವಗ್ರಹವೂ ಸದ್ದಿಲ್ಲದೆ ಒಳನುಗ್ಗಿದೆ ಎಂಬುದನ್ನು ಗಮನಿಸಬೇಕು. ಸಾಕ್ರಟೀಸ್ ಕುಳಿತಿರುವುದು ಒಬ್ಬ ಮನುಷ್ಯನ ನಿರ್ಧಾರದ ಫಲ. ಅಂಥ ನಿರ್ಧಾರವನ್ನೇ ಮಾದರಿಯಾಗಿಟ್ಟುಕೊಂಡು ಭೂಮಿಯ ಆಕಾರವನ್ನೂ ವಿವರಿಸಬೇಕೆಂದು ಕೇಳಿದಾಗ, ಭೂಮಿಯ ಹಿಂದೆಯೂ ನಿರ್ಧರಿಸಿದವನೊಬ್ಬ ಇದ್ದಾನೆ ಎಂದು ಮೊದಲೇ ಒಪ್ಪಿಕೊಂಡಂತಾಯಿತು. ಸಾಕ್ರಟೀಸನ ಇನ್ನೊಬ್ಬ ಶಿಷ್ಯ ಜೆನೊಫೋನನ ನೆನಪುಗಳಲ್ಲಿ ಬರುವ ಸಾಕ್ರಟೀಸ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ದೇವತೆಗಳನ್ನು ಅಲಕ್ಷಿಸುತ್ತಿದ್ದ ಅರಿಸ್ಟೊಡೆಮಸನಿಗೆ ಅವನು ತೋರಿಸುವುದು ಕಣ್ಣನ್ನು: ರೆಪ್ಪೆಗಳು ಬೇಕಾದಾಗ ತೆರೆದು ನಿದ್ದೆಯಲ್ಲಿ ಮುಚ್ಚುವ ಬಾಗಿಲು, ರೆಪ್ಪೆಗೂದಲು ಗಾಳಿಯನ್ನು ಸೋಸುವ ಜರಡಿ, ಹುಬ್ಬು ತಲೆಯ ಬೆವರು ಕಣ್ಣಿಗಿಳಿಯದಂತೆ ಕಾಯುವ ಸೂರು. ಇಷ್ಟು ಮುಂದಾಲೋಚನೆಯನ್ನು ಆಕಸ್ಮಿಕದ ಕೆಲಸ ಎನ್ನುತ್ತೀಯೋ, ವಿವೇಕದ ಕೆಲಸ ಎನ್ನುತ್ತೀಯೋ ಎಂಬುದು ಪ್ರಶ್ನೆ. ಆಯ್ಕೆಗಳು ಎರಡೇ. ಮೂರನೆಯದೊಂದು ಇರಬಹುದು ಎಂಬ ಯೋಚನೆ ಅಲ್ಲಿ ಸುಳಿಯುವುದಿಲ್ಲ.

ಪ್ಲೇಟೋನ ‘ಟಿಮೇಯಸ್’ ಈ ದಾರಿಯ ಶಿಖರ. ಅಸೂಯೆಯಿಲ್ಲದ, ಒಳ್ಳೆಯವನಾದ ಒಬ್ಬ ಕುಶಲಕರ್ಮಿ ಶಾಶ್ವತ ಮಾದರಿಯನ್ನು ನೋಡಿಕೊಂಡು ಈ ಜಗತ್ತನ್ನು ರೂಪಿಸುತ್ತಾನೆ. ಅವನ ಕೈಗೆ ಸಿಗುವ ಸಾಮಗ್ರಿಗೆ ತನ್ನದೇ ಆದ ಅನಿವಾರ್ಯತೆಯಿದೆ. ಬುದ್ಧಿಯು ಅದನ್ನು ಆಜ್ಞಾಪಿಸುವುದಿಲ್ಲ, ಒಲಿಸಿಕೊಳ್ಳುತ್ತದೆ. ಹಾಗಾಗಿ ದೇಹದ ರಚನೆಯಲ್ಲಿ ರಾಜಿಗಳು ಕಾಣುತ್ತವೆ. ತಲೆಗೆ ದಪ್ಪನೆಯ ಮಾಂಸದ ಹೊದಿಕೆ ಕೊಟ್ಟಿದ್ದರೆ ಮನುಷ್ಯ ಹೆಚ್ಚು ಕಾಲ ಬದುಕುತ್ತಿದ್ದ, ಆದರೆ ಅವನ ಅರಿವು ಮಂದವಾಗುತ್ತಿತ್ತು. ಅಲ್ಪಾಯುವಾದರೂ ಒಳ್ಳೆಯ ಬಾಳು ಮೇಲು ಎಂದು ದೇಹ ಕಟ್ಟಿದ ದೇವತೆಗಳು ತೆಳುವಾದ ಎಲುಬನ್ನೇ ಆರಿಸಿದರು. ಕರುಳು ಸುರುಳಿ ಸುತ್ತಿಕೊಂಡಿರುವುದು ಆಹಾರ ಬೇಗನೆ ಹೊರಬಿದ್ದು ಮನುಷ್ಯ ಸದಾ ಹೊಟ್ಟೆಬಾಕನಾಗಿ ತತ್ತ್ವಚಿಂತನೆಗೆ ಸಮಯವಿಲ್ಲದವನಾಗಬಾರದು ಎಂದು. ಕಣ್ಣು ಕೊಟ್ಟದ್ದು ಆಕಾಶದ ಪರಿಭ್ರಮಣವನ್ನು ನೋಡಿ ಸಂಖ್ಯೆಯನ್ನೂ ತತ್ತ್ವವನ್ನೂ ಕಲಿಯಲಿ ಎಂದು. ಓದುವುದಕ್ಕೆ ಇದು ಸೊಗಸಾಗಿದೆ. ಆದರೆ ಕುರಿಯ ಕರುಳೂ ಸುರುಳಿಯಾಗಿಯೇ ಇದೆಯಲ್ಲ, ಅದು ಯಾವ ತತ್ತ್ವಚಿಂತನೆಗೆ, ಎಂದು ಕೇಳುವ ಸ್ವಭಾವದ ಒಬ್ಬ ವಿದ್ಯಾರ್ಥಿ ಪ್ಲೇಟೋನ ಅಕಾಡೆಮಿಯಲ್ಲಿ ಇಪ್ಪತ್ತು ವರ್ಷ ಇದ್ದ.

ಅರಿಸ್ಟಾಟಲ್ ಹುಟ್ಟಿದ್ದು ಕ್ರಿ.ಪೂ. 384ರಲ್ಲಿ, ಸ್ಟಗೈರಾದಲ್ಲಿ. ತಂದೆ ನಿಕೊಮಾಕಸ್ ಮ್ಯಾಸಿಡೋನಿಯದ ದೊರೆಯ ವೈದ್ಯ. 347ರಲ್ಲಿ ಪ್ಲೇಟೋ ತೀರಿಕೊಂಡ ಮೇಲೆ ಅಥೆನ್ಸನ್ನು ಬಿಟ್ಟು ಮೊದಲು ಆಸೋಸಿನಲ್ಲಿ, ಆಮೇಲೆ ಲೆಸ್ಬಾಸ್ ದ್ವೀಪದಲ್ಲಿ ನೆಲೆಸಿದ. ಅವನ ಪ್ರಾಣಿಗ್ರಂಥಗಳಲ್ಲಿ ಆ ದ್ವೀಪದ ಪಿರಾ ಎಂಬ ಕೊಲ್ಲಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಮೀನುಗಾರರನ್ನೂ ಜೇನು ಸಾಕುವವರನ್ನೂ ವಿಚಾರಿಸಿ, ತಾನೇ ಕೊಯ್ದು ನೋಡಿ, ಸುಮಾರು 500 ಬಗೆಯ ಜೀವಿಗಳ ವಿಷಯ ಬರೆದವನು ಅವನು. ಕೋಳಿಮೊಟ್ಟೆಯನ್ನು ಮೂರನೆಯ ದಿನ ಒಡೆದು ನೋಡಿದರೆ ಬಿಳಿಯ ಭಾಗದಲ್ಲಿ ರಕ್ತದ ಚುಕ್ಕೆಯಂಥ ಹೃದಯ ಜೀವವಿರುವಂತೆ ಮಿಡಿಯುವುದು ಕಾಣುತ್ತದೆ ಎಂದು ದಾಖಲಿಸಿದವನೂ ಅವನೇ. ಕೀಳು ಪ್ರಾಣಿಗಳ ಅಧ್ಯಯನಕ್ಕೆ ಮೂಗು ಮುರಿಯುವವರಿಗೆ ಅವನು ಹೆರಾಕ್ಲಿಟಸನ ಕಥೆ ಹೇಳುತ್ತಾನೆ: ಒಲೆಯ ಬಳಿ ಮೈ ಕಾಯಿಸಿಕೊಳ್ಳುತ್ತಿದ್ದ ಆ ಜ್ಞಾನಿಯನ್ನು ಕಂಡು ಬಾಗಿಲಲ್ಲೇ ಹಿಂಜರಿದ ಅತಿಥಿಗಳಿಗೆ, ಒಳಗೆ ಬನ್ನಿ, ಇಲ್ಲಿಯೂ ದೇವರಿದ್ದಾರೆ ಎಂದನಂತೆ. ಅರಿಸ್ಟಾಟಲನ ಉದ್ದೇಶವಾದ ಬೆಳೆದದ್ದು ಇಂಥ ನೋಟದಿಂದ ಎಂಬುದನ್ನು ಮರೆತರೆ ಅದು ಬರಿಯ ಘೋಷಣೆಯಂತೆ ಕೇಳಿಸುತ್ತದೆ.

ಈಗ ಎಂಪೆಡೊಕ್ಲಿಸನಿಗೆ ಅವನು ಕೊಡುವ ಉತ್ತರಕ್ಕೆ ಬರೋಣ. ಆಕಸ್ಮಿಕವಾದದ್ದು ವಿರಳವಾಗಿ ನಡೆಯುತ್ತದೆ. ಹಲ್ಲುಗಳು ಹೀಗೆ ಮೂಡುವುದು ಯಾವಾಗಲೂ ಅಥವಾ ಬಹುಪಾಲು ನಡೆಯುತ್ತದೆ. ಆದ್ದರಿಂದ ಅದು ಆಕಸ್ಮಿಕವಲ್ಲ, ಯಾವುದೋ ಒಂದಕ್ಕಾಗಿ ಆಗುತ್ತಿದೆ. ಇದಿಷ್ಟೇ ಆಗಿದ್ದರೆ ವಾದ ದುರ್ಬಲವೇ ಸರಿ, ಏಕೆಂದರೆ ಕುರುಡು ಅನಿವಾರ್ಯತೆಯೂ ತಪ್ಪದೆ ಒಂದೇ ರೀತಿಯಲ್ಲಿ ನಡೆಯಬಲ್ಲದು. ಅವನ ನಿಜವಾದ ಬಲ ಬೇರೊಂದು ಕಡೆ, ‘ಪ್ರಾಣಿಗಳ ಅಂಗಗಳು’ ಎಂಬ ಗ್ರಂಥದ ಆರಂಭದಲ್ಲಿ, ಇದೆ. ಗರ್ಭದಲ್ಲಿ ಭ್ರೂಣ ತಿರುಚಿಕೊಂಡಾಗ ಬೆನ್ನೆಲುಬು ಮುರಿದು ಮಣಿಗಳಾಯಿತು ಎಂದು ಎಂಪೆಡೊಕ್ಲಿಸ್ ಹೇಳಿದ್ದ. ಅರಿಸ್ಟಾಟಲ್ ಕೇಳುತ್ತಾನೆ: ಆ ಬೀಜಕ್ಕೆ ಅಂಥ ಶಕ್ತಿ ಮೊದಲೇ ಇರಬೇಕಲ್ಲವೇ? ಬೀಜವನ್ನು ಕೊಟ್ಟವನು ಅದಕ್ಕೂ ಮೊದಲೇ ಇದ್ದಾನಲ್ಲವೇ? ಮನುಷ್ಯನಿಂದ ಹುಟ್ಟುವುದು ಮನುಷ್ಯ. ಬೆಳವಣಿಗೆಯ ಪ್ರತಿ ಹೆಜ್ಜೆಯೂ ಮುಂದೆ ಆಗಬೇಕಾದ ಪೂರ್ಣ ರೂಪದ ಕಡೆಗೆ ಸಾಗುತ್ತದೆ, ಆ ರೂಪ ಆಗಲೇ ತಂದೆಯಲ್ಲಿ ಇದೆ. ಹಾಗಾಗಿ ಬೆಳವಣಿಗೆಯನ್ನು ಅದರ ತುದಿಯಿಂದ ಹಿಂದಕ್ಕೆ ವಿವರಿಸಬೇಕು.

ಇದರ ಅರ್ಥ ದ್ರವ್ಯದ ವಿವರಣೆಯನ್ನು ಅವನು ತಳ್ಳಿಹಾಕಿದ ಎಂದಲ್ಲ. ದ್ರವ್ಯ, ರೂಪ, ಚಲನೆಗೆ ತೊಡಗಿಸಿದ್ದು, ಯಾವುದಕ್ಕಾಗಿಯೋ ಅದು, ಈ ನಾಲ್ಕು ಕಾರಣಗಳನ್ನೂ ನಿಸರ್ಗದ ವಿದ್ಯಾರ್ಥಿ ಹೇಳಲೇಬೇಕು. ಗರಗಸಕ್ಕೆ ಮರವನ್ನು ಕೊಯ್ಯುವ ಕೆಲಸವಿದೆಯಾದರೆ ಅದು ಕಬ್ಬಿಣದ್ದಾಗಲೇಬೇಕು. ಇಲ್ಲಿ ಅನಿವಾರ್ಯತೆ ಉಂಟು, ಆದರೆ ಅದು ಕೆಲಸಕ್ಕೆ ಅಧೀನ. ಹಲ್ಲು ಬೀಳುವುದನ್ನು ಕೇವಲ ಅನಿವಾರ್ಯತೆಯಿಂದ ವಿವರಿಸಿದ ಡೆಮಾಕ್ರಿಟಸನ ಬಗ್ಗೆ ಅವನು ಹೇಳುವುದೂ ಇದನ್ನೇ. ಜಲೋದರದ ರೋಗಿಯ ಹೊಟ್ಟೆಯಿಂದ ನೀರು ಹೊರಬಂದದ್ದು ಕತ್ತಿಯಿಂದ ಎಂದರೆ ಸುಳ್ಳಲ್ಲ. ಆದರೆ ಕತ್ತಿಯನ್ನು ಆಡಿಸಿದ್ದು ಆರೋಗ್ಯಕ್ಕಾಗಿ ಎಂಬುದನ್ನು ಬಿಟ್ಟರೆ ಏನನ್ನೂ ಹೇಳಿದಂತಾಗಲಿಲ್ಲ.

ಅಲ್ಲಿ ಕತ್ತಿ ಆಡಿಸಿದವನು ವೈದ್ಯ, ಇಲ್ಲಿ ಯಾರು? ಈ ಪ್ರಶ್ನೆಯನ್ನು ಅವನು ತಪ್ಪಿಸಿಕೊಳ್ಳುವುದಿಲ್ಲ. ಜೇಡ ಬಲೆ ನೇಯುತ್ತದೆ, ಅಂಬರಗುಬ್ಬಿ ಗೂಡು ಕಟ್ಟುತ್ತದೆ, ಗಿಡ ತನ್ನ ಹಣ್ಣಿಗೆ ನೆರಳಾಗುವಂತೆ ಎಲೆ ಬಿಡುತ್ತದೆ, ಆಹಾರಕ್ಕಾಗಿ ಬೇರನ್ನು ಕೆಳಕ್ಕೆ ಇಳಿಸುತ್ತದೆ. ಇವುಗಳಲ್ಲಿ ವಿಚಾರವೂ ಇಲ್ಲ, ಸಮಾಲೋಚನೆಯೂ ಇಲ್ಲ. ಜೇಡಕ್ಕೆ ಬುದ್ಧಿ ಇದೆಯೇ ಎಂದು ಜನ ಚರ್ಚಿಸಿಯಾರು, ಗಿಡದ ಬಗ್ಗೆ ಹಾಗೆ ಯಾರು ಚರ್ಚಿಸುತ್ತಾರೆ? ಆಮೇಲೆ ಅವನು ಇನ್ನೂ ಮುಂದೆ ಹೋಗುತ್ತಾನೆ. ಸಮಾಲೋಚನೆ ಕಾಣಲಿಲ್ಲವೆಂದು ಉದ್ದೇಶವಿಲ್ಲ ಎನ್ನುವುದು ಅಸಂಬದ್ಧ, ಏಕೆಂದರೆ ಮನುಷ್ಯನ ಕಲೆಗೂ ಸಮಾಲೋಚನೆ ಬೇಕಿಲ್ಲ. ಅಕ್ಷರ ಬಲ್ಲವನು ಪ್ರತಿ ಅಕ್ಷರವನ್ನೂ ಹೇಗೆ ಬರೆಯಲಿ ಎಂದು ಯೋಚಿಸುತ್ತ ಕೂರುವುದಿಲ್ಲ. ಹಡಗು ಕಟ್ಟುವ ಕಲೆ ಮರದೊಳಗೇ ಇದ್ದಿದ್ದರೆ ಮರ ತಾನಾಗಿಯೇ ಹಡಗಾಗುತ್ತಿತ್ತು, ನಿಸರ್ಗ ಅಂಥದ್ದು. ತನಗೆ ತಾನೇ ಚಿಕಿತ್ಸೆ ಮಾಡಿಕೊಳ್ಳುವ ವೈದ್ಯನಿಗೆ ಅದನ್ನು ಹೋಲಿಸಬಹುದು. ಈ ಕೆಲವೇ ಸಾಲುಗಳಲ್ಲಿ ಪ್ಲೇಟೋನ ಕುಶಲಕರ್ಮಿ ಅನಗತ್ಯನಾಗಿಬಿಟ್ಟ. ಕೌಶಲ ಉಳಿಯಿತು, ಅದು ವಸ್ತುವಿನ ಒಳಗೆ ಸೇರಿಕೊಂಡಿತು.

ನಿಜ, ಅರಿಸ್ಟಾಟಲನ ಬರಹದಲ್ಲಿ ನಿಸರ್ಗ ಆಗಾಗ ಒಬ್ಬ ವ್ಯಕ್ತಿಯಂತೆ ನಡೆದುಕೊಳ್ಳುತ್ತದೆ. ಅದು ಯಾವುದನ್ನೂ ವ್ಯರ್ಥವಾಗಿ ಮಾಡುವುದಿಲ್ಲ. ಒಳ್ಳೆಯ ಗೃಹಸ್ಥನಂತೆ ಉಪಯೋಗಕ್ಕೆ ಬರುವುದನ್ನು ಎಸೆಯುವುದಿಲ್ಲ. ಕೊಳಲನ್ನು ನುಡಿಸಬಲ್ಲವನಿಗೆ ಕೊಡುವುದು ಯುಕ್ತವಾದಂತೆ, ಬುದ್ಧಿವಂತನಿಗೆ ಕೈಗಳನ್ನು ಕೊಡುತ್ತದೆ. ಈ ಕೊನೆಯ ಮಾತು ಅನಾಕ್ಸಾಗೊರಸನಿಗೆ ಎದುರಾಗಿ ಹೇಳಿದ್ದು: ಕೈಗಳಿರುವುದರಿಂದ ಮನುಷ್ಯ ಬುದ್ಧಿವಂತನಾದ ಎಂದು ಅವನು ಹೇಳಿದ್ದರೆ, ಬುದ್ಧಿವಂತನಾದ್ದರಿಂದ ಕೈಗಳು ದೊರೆತವು ಎನ್ನುತ್ತಾನೆ ಅರಿಸ್ಟಾಟಲ್. ಇಂಥ ಮಾತುಗಳನ್ನು ಹಿಡಿದುಕೊಂಡು ಇವನೂ ಯೋಜಕನನ್ನು ಹಿಂಬಾಗಿಲಿನಿಂದ ಕರೆತಂದ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿರ್ದಿಷ್ಟ ಅಂಗವೊಂದನ್ನು ವಿವರಿಸುವಾಗ ಅವನು ಯಾವತ್ತೂ ಯಾರೋ ಏನನ್ನೋ ಬಯಸಿದರು ಎಂದು ನಿಲ್ಲಿಸುವುದಿಲ್ಲ. ಆ ಪ್ರಾಣಿಯ ಬದುಕಿನ ರೀತಿಗೆ ಮತ್ತು ಅದರ ಇತರ ಅಂಗಗಳಿಗೆ ಹೋಗುತ್ತಾನೆ.

ಕೊಂಬಿನ ಪ್ರಾಣಿಗಳ ವಿವರಣೆಯನ್ನೇ ನೋಡಿ. ಹಸು, ಕುರಿ, ಆಡುಗಳಿಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಗಟ್ಟಿಯಾದ ಮಣ್ಣಿನ ಅಂಶ ದೇಹದಲ್ಲಿ ಇಷ್ಟೇ ಇರುವುದು. ಅದು ಕೊಂಬಿಗೆ ಹೋದರೆ ಹಲ್ಲಿಗೆ ಉಳಿಯುವುದಿಲ್ಲ. ಹಲ್ಲು ಕಡಿಮೆಯಾದ್ದರಿಂದ ಮೇವು ಬಾಯಲ್ಲಿ ಸರಿಯಾಗಿ ನುರಿಯುವುದಿಲ್ಲ. ಆದ್ದರಿಂದ ಒಂದರ ಬದಲು ನಾಲ್ಕು ಜಠರಗಳು, ಒಂದರಿಂದ ಒಂದಕ್ಕೆ ಆಹಾರ ಸಾಗುತ್ತ ಕ್ರಮೇಣ ಪಕ್ವವಾಗುತ್ತದೆ. ಕೊಂಬಿಲ್ಲದ ಒಂಟೆಗೂ ಅನೇಕ ಜಠರಗಳಿವೆಯಲ್ಲ ಎಂಬ ಅಡ್ಡಿಯನ್ನು ಅವನೇ ಎತ್ತಿ, ಒಂಟೆಯ ಮೇವು ಮುಳ್ಳು ಕಡ್ಡಿಗಳಿಂದ ತುಂಬಿರುವುದರಿಂದ ಹಲ್ಲಿನಿಂದ ಉಳಿದ ದ್ರವ್ಯ ಅಲ್ಲಿ ಅಂಗುಳನ್ನು ಗಟ್ಟಿ ಮಾಡಲು ಹೋಯಿತು ಎನ್ನುತ್ತಾನೆ. ಒಂಟೆಯ ಹಲ್ಲಿನ ವಿವರ ಪೂರ್ತಿ ಸರಿಯಲ್ಲ, ಮಣ್ಣಿನ ಅಂಶದ ಲೆಕ್ಕವೂ ಇಂದು ನಿಲ್ಲುವುದಿಲ್ಲ. ಆದರೆ ಕೊಂಬು, ಹಲ್ಲು, ಜಠರ, ಮೇವು ಈ ನಾಲ್ಕನ್ನು ಒಂದೇ ಪ್ರಶ್ನೆಯಲ್ಲಿ ಕೂಡಿಸಿ ಕೇಳಿದವರು ಅವನಿಗಿಂತ ಮೊದಲು ಯಾರಿದ್ದರು? ಆನೆಯ ಸೊಂಡಿಲಿನ ವಿವರಣೆಯೂ ಹೀಗೆಯೇ. ನೀರಿನ ಬಳಿ ಬಾಳುವ ಭಾರೀ ಪ್ರಾಣಿಗೆ, ಮುಳುಗುವವರು ಬಳಸುವ ಉಸಿರು ಕೊಳವೆಯಂತೆ, ನೀರಿನ ಮೇಲಕ್ಕೆ ಚಾಚುವ ಮೂಗು ಬೇಕು. ಬೇರೆ ಪ್ರಾಣಿಗಳು ಮುಂಗಾಲನ್ನು ಕೈಯಂತೆ ಬಳಸಿದರೆ, ಆನೆಯ ಕಾಲು ಮೈಭಾರ ಹೊರುವುದರಲ್ಲೇ ಮುಗಿಯುತ್ತದೆ. ಹಾಗಾಗಿ ಆ ಮೂಗೇ ಕೈಯ ಕೆಲಸವನ್ನೂ ವಹಿಸಿಕೊಂಡಿದೆ.

ಉದ್ದೇಶವಾದಿ ಎಂಬ ಹಣೆಪಟ್ಟಿ ಹಚ್ಚಿದವರು ಸಾಮಾನ್ಯವಾಗಿ ಓದದೆ ಬಿಡುವ ಪುಟಗಳು ಇನ್ನೊಂದು ಬಗೆಯವು. ಪಿತ್ತ ಯಾವುದಕ್ಕಾಗಿ ಇದೆ? ಯಾವುದಕ್ಕೂ ಅಲ್ಲ ಎನ್ನುತ್ತಾನೆ ಅರಿಸ್ಟಾಟಲ್. ಕುದುರೆ, ಕತ್ತೆ, ಜಿಂಕೆಗಳಿಗೆ ಪಿತ್ತಕೋಶವೇ ಇಲ್ಲ ಎಂಬುದನ್ನು ಅವನು ಗಮನಿಸಿದ್ದ, ಅದು ನಿಜವೂ ಹೌದು. ಪಿತ್ತ ಕೇವಲ ಕಲ್ಮಷ. ನಿಸರ್ಗ ಕಲ್ಮಷವನ್ನೂ ಕೆಲವೊಮ್ಮೆ ಉಪಯೋಗಕ್ಕೆ ತಿರುಗಿಸುವುದುಂಟು, ಆದರೆ ಅಷ್ಟರಿಂದ ಎಲ್ಲದಕ್ಕೂ ಉದ್ದೇಶ ಹುಡುಕಬಾರದು, ಕೆಲವು ಉದ್ದೇಶಕ್ಕಾಗಿ ಇದ್ದರೆ ಅವುಗಳ ಹಿಂದೆಯೇ ಬೇರೆ ಹಲವು ಅನಿವಾರ್ಯವಾಗಿ ಬರುತ್ತವೆ. ಕಣ್ಣು ಒಂದು ಉದ್ದೇಶಕ್ಕಾಗಿ ಇದೆ. ಕಣ್ಣು ನೀಲಿಯಾಗಿರುವುದು ಯಾವುದಕ್ಕಾಗಿಯೂ ಅಲ್ಲ. ಚಂದ್ರಗ್ರಹಣಕ್ಕೆ ಬಹುಶಃ ಯಾವ ಉದ್ದೇಶವೂ ಇಲ್ಲ. ಪಿತ್ತದ ವಿಷಯದಲ್ಲಿ ಅವನು ತಪ್ಪಿದ, ಅದು ಕೊಬ್ಬನ್ನು ಜೀರ್ಣಿಸಲು ನೆರವಾಗುತ್ತದೆ ಎಂದು ಈಗ ಗೊತ್ತಿದೆ. ನನಗೆ ಮುಖ್ಯವಾಗಿ ಕಾಣುವುದು ಯಾವುದಕ್ಕಾಗಿ ಎಂಬ ಪ್ರಶ್ನೆಗೆ ‘ಯಾವುದಕ್ಕೂ ಅಲ್ಲ’ ಎಂಬ ಉತ್ತರವೂ ಅವನಲ್ಲಿ ಸಲ್ಲುತ್ತದೆ ಎಂಬುದು. ಮುಂದಾಲೋಚಿಸಿದ ಸರ್ವಜ್ಞ ಯೋಜಕನೊಬ್ಬ ಇದ್ದಿದ್ದರೆ ಈ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು.

ಅವನೂ ಜಾರಿದ್ದಾನೆ. ಶಾರ್ಕಿನ ಬಾಯಿ ತಲೆಯ ಕೆಳಭಾಗದಲ್ಲಿರುವುದು ಬೇಟೆಯ ಮೀನುಗಳಿಗೆ ತಪ್ಪಿಸಿಕೊಳ್ಳಲು ಅವಕಾಶ ಸಿಗಲಿ ಎಂದೂ, ಶಾರ್ಕ್ ತಾನೇ ಅತಿಯಾಗಿ ತಿಂದು ಸಾಯದಿರಲಿ ಎಂದೂ ಹೇಳುತ್ತಾನೆ. ಒಂದು ಪ್ರಾಣಿಯ ಅಂಗ ಇನ್ನೊಂದರ ಹಿತಕ್ಕಾಗಿ ಇದೆ ಎನ್ನುವುದು ಅವನ ಪದ್ಧತಿಗೇ ಹೊರತಾದದ್ದು. ‘ರಾಜನೀತಿ’ಯಲ್ಲಿ ಗಿಡಗಳು ಪ್ರಾಣಿಗಳಿಗಾಗಿ, ಪ್ರಾಣಿಗಳು ಮನುಷ್ಯನಿಗಾಗಿ ಇವೆ ಎಂಬ ಮಾತೂ ಬರುತ್ತದೆ, ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಮನೆವಾರ್ತೆಯ ಚರ್ಚೆಯ ನಡುವೆ ಬಂದ ಆ ಒಂದು ವಾಕ್ಯಕ್ಕಿಂತ ಪ್ರಾಣಿಗ್ರಂಥಗಳ ನೂರಾರು ಪುಟಗಳಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಅಲ್ಲಿ ಹಸುವಿನ ಜಠರ ಇರುವುದು ಹಸುವಿಗಾಗಿ.

ಹಾಗಾದರೆ ಅವನ ದೇವರು ಏನು ಮಾಡುತ್ತಾನೆ? ಯೋಜಿಸುವುದಿಲ್ಲ. ‘ಮೆಟಾಫಿಸಿಕ್ಸ್’ನ ಹನ್ನೆರಡನೆಯ ಭಾಗದಲ್ಲಿ ಬರುವ ಅಚಲ ಚಾಲಕ ಚಿಂತನೆಯನ್ನೇ ಚಿಂತಿಸುತ್ತ ಇರುವವನು, ಪ್ರೀತಿಗೆ ಪಾತ್ರವಾದದ್ದು ಪ್ರೀತಿಸುವವರನ್ನು ಚಲಿಸುವಂತೆ ಅವನು ಜಗತ್ತನ್ನು ಚಲಿಸುತ್ತಾನೆ. ಆಕಾಶಗೋಳಗಳು ನಿರಂತರ ಸುತ್ತುವುದು ಆ ಶಾಶ್ವತತೆಯತ್ತ ಒಲಿದು. ಗಿಡ, ಪ್ರಾಣಿಗಳಿಗೆ ಹಾಗೆ ನಿರಂತರವಾಗಿ ಇರಲು ಆಗುವುದಿಲ್ಲ. ಆದ್ದರಿಂದ ತಮ್ಮಂತೆಯೇ ಇನ್ನೊಂದನ್ನು ಹುಟ್ಟಿಸುವ ಮೂಲಕ, ಸಾಧ್ಯವಾದಷ್ಟು ಮಟ್ಟಿಗೆ, ಶಾಶ್ವತದಲ್ಲಿ ಪಾಲು ಪಡೆಯುತ್ತವೆ ಎಂದು ‘ಜೀವದ ಕುರಿತು’ ಎಂಬ ಗ್ರಂಥದಲ್ಲಿ ಹೇಳಿದ್ದಾನೆ. ಗುರಿ ಮೇಲೆ ಇದೆ, ಗುರಿಯಿಟ್ಟವರು ಯಾರೂ ಇಲ್ಲ.

ಬೆಲೆಯ ಮಾತು ಬರುವುದು ಇಲ್ಲಿ. ಮನುಷ್ಯನಿಂದ ಮನುಷ್ಯ ಹುಟ್ಟುತ್ತಾನೆ ಎಂಬ ವಾಕ್ಯ ಎಂಪೆಡೊಕ್ಲಿಸನನ್ನು ಬಾಯಿ ಮುಚ್ಚಿಸಬೇಕಾದರೆ, ಆ ಸರಪಳಿಗೆ ಮೊದಲ ಕೊಂಡಿ ಇರಬಾರದು. ಮೊದಲ ಮನುಷ್ಯ, ಮೊದಲ ಆನೆ ಎಂಬುದಿದ್ದರೆ ಅದರ ರೂಪ ಎಲ್ಲಿಂದ ಬಂತು ಎಂಬ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ, ಉತ್ತರಕ್ಕೆ ಕುಶಲಕರ್ಮಿಯನ್ನೋ ಆಕಸ್ಮಿಕವನ್ನೋ ಕರೆಯಬೇಕಾಗುತ್ತದೆ. ಅರಿಸ್ಟಾಟಲನಿಗೆ ಆ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ಅವನ ಜಗತ್ತಿಗೆ ಆದಿಯಿಲ್ಲ, ಪ್ರಾಣಿಜಾತಿಗಳಿಗೂ ಇಲ್ಲ. ‘ಟಿಮೇಯಸ್’ನಲ್ಲಿ ಜಗತ್ತು ಹುಟ್ಟಿತು ಎಂದಿರುವುದನ್ನು ಅವನು ಅಕ್ಷರಶಃ ತೆಗೆದುಕೊಂಡು ಖಂಡಿಸಿದ್ದು ಬರಿಯ ಹಟದಿಂದಲ್ಲ. ಗುರುವಿನ ಪರ ನಿಂತ ಕೆಲವರು, ಜ್ಯಾಮಿತಿ ಕಲಿಸುವವನು ಆಕೃತಿಯನ್ನು ಗೆರೆ ಗೆರೆಯಾಗಿ ಬರೆದು ತೋರಿಸುವಂತೆ ಪ್ಲೇಟೋ ಕಲಿಸುವ ಅನುಕೂಲಕ್ಕಾಗಿ ಹಾಗೆ ಹೇಳಿದ ಎಂದು ವಾದಿಸಿ ನೋಡಿದರು. ಅದನ್ನೂ ಅವನು ಬಿಡಲಿಲ್ಲ. ಅನಾದಿಯಾದ ಜಗತ್ತು ಅವನ ಉದ್ದೇಶವಾದದ ಬುನಾದಿ; ಅದನ್ನು ತೆಗೆದರೆ ಮೇಲಿನ ಕಟ್ಟಡ ನಿಲ್ಲುವುದಿಲ್ಲ.

ಅವನ ನಂತರದವರ ಮಾತು ಚುಟುಕಾಗಿ. ಲೆಸ್ಬಾಸಿನ ಎರೆಸೋಸಿನವನಾದ ಥಿಯೊಫ್ರಾಸ್ಟಸ್ ಕ್ರಿ.ಪೂ. 322ರ ಹೊತ್ತಿಗೆ ಅರಿಸ್ಟಾಟಲನ ವಿದ್ಯಾಲಯವಾದ ಲೈಸಿಯಮ್ಮಿನ ಹೊಣೆ ಹೊತ್ತ. ಅವನು ಉದ್ದೇಶವನ್ನು ನಿರಾಕರಿಸಲಿಲ್ಲ, ಅದಕ್ಕೆ ಗಡಿ ಎಲ್ಲಿ ಎಂದು ಪಟ್ಟು ಹಿಡಿದು ಕೇಳಿದ. ಸಮುದ್ರದ ಉಬ್ಬರವಿಳಿತ ಯಾವುದಕ್ಕಾಗಿ? ಗಂಡಿಗೆ ಮೊಲೆತೊಟ್ಟು ಯಾವುದಕ್ಕಾಗಿ? ತನಗೇ ತೊಡಕಾಗುವಷ್ಟು ದೊಡ್ಡ ಕವಲುಗೊಂಬು ಜಿಂಕೆಗೆ ಏಕೆ? ಒಂದೇ ದಿನ ಬಾಳುವ ಹುಳದ ಬದುಕಿನ ಗುರಿ ಏನು? ಆಮೇಲಿನ ಇನ್ನೊಂದು ತತ್ತ್ವಪಂಥದವರಾದ ಸ್ಟೋಯಿಕರು ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ಅವರಿಗೆ ಜಗತ್ತೆಲ್ಲ ಒಂದು ದೈವಿಕ ವಿವೇಕದ ಪಾಲನೆಯಲ್ಲಿದೆ, ಹೆಚ್ಚಿನದೆಲ್ಲ ಮನುಷ್ಯನಿಗಾಗಿ. ತಿಗಣೆಗಳು ನಮ್ಮನ್ನು ನಿದ್ದೆಯಿಂದ ಎಬ್ಬಿಸಲು, ಇಲಿಗಳು ವಸ್ತುಗಳನ್ನು ಎಚ್ಚರದಿಂದ ಇಡುವುದನ್ನು ಕಲಿಸಲು ಉಪಯುಕ್ತ ಎಂದು ಅವರಲ್ಲೊಬ್ಬನಾದ ಕ್ರೈಸಿಪ್ಪಸ್ ಬರೆದದ್ದನ್ನು ಪ್ಲುಟಾರ್ಕ್ ಉಲ್ಲೇಖಿಸಿದ್ದಾನೆ. ಅಣುವಾದಿ ಎಪಿಕ್ಯೂರಸನ ಮತವನ್ನು ಲ್ಯಾಟಿನ್ ಪದ್ಯಕ್ಕಿಳಿಸಿದ ಲುಕ್ರೀಷಿಯಸನ ಆಕ್ಷೇಪಣೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು: ಗುರಾಣಿ, ಹಾಸಿಗೆ, ಬಟ್ಟಲುಗಳನ್ನು ಬಳಕೆಗಾಗಿ ಮಾಡಿದರು ಎನ್ನಬಹುದು, ಏಕೆಂದರೆ ಕಾದಾಟ, ನಿದ್ದೆ, ಬಾಯಾರಿಕೆಗಳು ಅವುಗಳಿಗಿಂತ ಮೊದಲೇ ಇದ್ದವು. ಕಣ್ಣಿಗಿಂತ ಮೊದಲು ನೋಟ ಎಲ್ಲಿತ್ತು, ನಾಲಗೆಗಿಂತ ಮೊದಲು ಮಾತು ಎಲ್ಲಿತ್ತು? ಮೊದಲು ಹುಟ್ಟಿದ್ದು ಅಂಗ, ಬಳಕೆ ಆಮೇಲೆ. ಈ ಬಾಣ ಪ್ಲೇಟೋಗೂ ಸ್ಟೋಯಿಕರಿಗೂ ತಾಗುತ್ತದೆ. ನೋಡುವ ಪ್ರಾಣಿಗಳು ಅನಾದಿಯಿಂದ ಇದ್ದೇ ಇವೆ ಎನ್ನುವ ಅರಿಸ್ಟಾಟಲನಿಗೆ ಅದು ತಾಗುವುದಿಲ್ಲ. ಅನಾದಿತ್ವವನ್ನು ಒಪ್ಪದ ಲುಕ್ರೀಷಿಯಸ್ ಅದನ್ನು ಲೆಕ್ಕಕ್ಕೂ ತೆಗೆದುಕೊಳ್ಳಲಿಲ್ಲ.

ಕೊನೆಯವನು ಗ್ಯಾಲೆನ್. ಕ್ರಿ.ಶ. 129ರಲ್ಲಿ ಪೆರ್ಗಮಮ್ಮಿನಲ್ಲಿ ಹುಟ್ಟಿ, ರೋಮಿನಲ್ಲಿ ಮಾರ್ಕಸ್ ಅರೀಲಿಯಸನ ವೈದ್ಯನಾದ ಇವನು ದೇಹದ ಅಂಗಗಳ ಉಪಯೋಗದ ಬಗ್ಗೆಯೇ 17 ಭಾಗಗಳ ಗ್ರಂಥ ಬರೆದ. ಹಂದಿಯ ಕೊರಳಿನಲ್ಲಿ ಒಂದು ನರವನ್ನು ಕತ್ತರಿಸಿದರೆ ಅದರ ಕೂಗು ನಿಲ್ಲುತ್ತದೆ ಎಂದು ಸಭೆಯ ಮುಂದೆ ತೋರಿಸಿದ್ದ ಅಂಗರಚನಾ ಪಂಡಿತ ಅವನು. ಆ ಗ್ರಂಥವನ್ನು ಸೃಷ್ಟಿಕರ್ತನಿಗೆ ಸಲ್ಲಿಸುವ ನಿಜವಾದ ಸ್ತೋತ್ರವೆಂದೇ ಅವನು ಬಗೆದಿದ್ದ. ರೆಪ್ಪೆಗೂದಲು ಒಂದೇ ಉದ್ದದಲ್ಲಿ ನಿಂತಿರುವುದು ದೇವರು ಹಾಗೆ ಆಜ್ಞಾಪಿಸಿದ್ದರಿಂದಲ್ಲ, ಅದನ್ನು ನೆಡಲು ಗಟ್ಟಿಯಾದ ಮೃದ್ವಸ್ಥಿಯನ್ನು ಆರಿಸಿದ್ದರಿಂದ ಎಂದು ಹೇಳುತ್ತ, ದೇವರ ಇಚ್ಛೆಯೊಂದೇ ಸಾಕೆನ್ನುವ ಮೋಸೆಸನ ಮತಕ್ಕಿಂತ ತನ್ನದೂ ಪ್ಲೇಟೋನದೂ ಬೇರೆ ಎಂದು ಸ್ಪಷ್ಟಪಡಿಸುತ್ತಾನೆ. ಇಂಥವನು ಭ್ರೂಣದ ರಚನೆಯ ಕುರಿತು ಬರೆದ ಗ್ರಂಥದಲ್ಲಿ ಹೇಳುವ ಮಾತು ವಿಚಿತ್ರವಾಗಿದೆ. ದೇಹದ ರಚನೆಯಲ್ಲಿ ಪರಮ ವಿವೇಕವೂ ಶಕ್ತಿಯೂ ಕಾಣುತ್ತವೆ, ಅದರಲ್ಲಿ ಸಂದೇಹವಿಲ್ಲ. ಆದರೆ ಗರ್ಭದಲ್ಲಿ ಅದನ್ನು ರೂಪಿಸುವುದು ಯಾವುದು ಎಂದು ತತ್ತ್ವಜ್ಞಾನಿಗಳನ್ನೆಲ್ಲ ವಿಚಾರಿಸಿದರೂ ಯಾರಿಂದಲೂ ಪ್ರಮಾಣಸಹಿತವಾದ ಉತ್ತರ ಸಿಗಲಿಲ್ಲ. ಪ್ಲೇಟೋನ ಪಂಥದ ತನ್ನ ಗುರುವೊಬ್ಬ ಅದು ವಿಶ್ವಾತ್ಮದ ಕೆಲಸ ಎಂದಿದ್ದ. ಗ್ಯಾಲೆನ್ ಅದನ್ನು ಒಪ್ಪಲಿಲ್ಲ: ಚೇಳು, ಜೇಡ, ಸೊಳ್ಳೆ, ವಿಷಸರ್ಪಗಳನ್ನೂ ಆ ವಿಶ್ವಾತ್ಮವೇ ಕುಳಿತು ತಿದ್ದಿ ರೂಪಿಸುತ್ತದೆ ಎನ್ನುವುದು ಅವನಿಗೆ ದೈವನಿಂದೆಯ ಸಮೀಪದ ಮಾತಾಗಿ ಕಂಡಿತ್ತು.